ತಂಗಿಯ ಹೆಸರಿನ ಮಾತ್ರೆ

ಒಬ್ಬ ಮಗನನ್ನು ಪೈಲಟ್ ಮಾಡಲು ಏನು ಖರ್ಚಾಗುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಅಣ್ಣ ಮುನಿಕೃಷ್ಣಪ್ಪ ಬೆರಳು ಮಡಿಸಿ ಹೇಳುತ್ತಿದ್ದ. ಯಲಹಂಕದ ಹತ್ತಿರದ ಸಿಂಗಾಪುರ ಅನ್ನೋ ಹಳ್ಳಿಯಲ್ಲಿ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾದ ಮೇಲೆ, ಅದರಲ್ಲಿ ಒಂದು ಸೈಟು ವಿದೇಶದ ಕಲಿಕೆಗೆ. ಪಕ್ಕದ ಸೈಟಿನಲ್ಲಿ ಅರ್ಧ, ದೊಡ್ಡ ವಿಮಾನದ ತರಬೇತಿಗೆ. ಉಳಿದರ್ಧ, ಕೆಲಸ ಸಿಗುವವರೆಗಿನ ಊಟ ಬಟ್ಟೆಗೆ. ಯೂನಿಫಾರಂ ತೊಟ್ಟ ಮಗನ ಆಳೆತ್ತರದ ಫೋಟೋಗೆ ಹದಿನಾಲ್ಕು ಸಾವಿರ. ಇಷ್ಟು ಹೇಳಿ ಕೈ ಕೆಳಗಿಳಿಸುತ್ತಿದ್ದ. ಆ ಮಗನಿಗೆ ನಿದ್ದೆ ಬಿಟ್ಟುಹೋದ ಮೇಲೆ ತರಬೇಕಾಗಿ ಬಂದ ಮಾತ್ರೆಯ ಪಟ್ಟಿಗೆ ನೂರಾ ಎಂಬತ್ತು ರೂಪಾಯಿ. ಅದನ್ನು ಮಾತ್ರ ಆತ ಹೇಳುತ್ತಿರಲಿಲ್ಲ. ಅದನ್ನು ಮಗಳ ಹೆಸರಿಗೆ ಬರೆಸಿದ್ದ.

ಅಣ್ಣನದು ಯಲಹಂಕದಲ್ಲಿ ಮೂರಂತಸ್ತಿನ ಮನೆ. ಮೇಲಿನವು ಬಾಡಿಗೆಗೆ, ಕೆಳಗೆ ಸಂಸಾರ. ಅತ್ತಿಗೆ ಲಕ್ಕಮ್ಮ, ಮಗ ನಾಗೇಶ, ಮಗಳು ಶಾಂತಲಾ. ನಾಗೇಶ ಒಂದು ವಿಮಾನ ಕಂಪನಿಯಲ್ಲಿ ಕೋ-ಪೈಲಟ್. ಶಾಂತಲಾ ಸಹಕಾರನಗರದ ಶಾಲೆಯೊಂದರಲ್ಲಿ ಟೀಚರು. ನಾನು ಅಟ್ಟೂರಿನಲ್ಲಿ ಬಟ್ಟೆ ಹೊಲಿದುಕೊಂಡು ಇರುವ ವಿಧವೆ. ಹಬ್ಬಕ್ಕೆ, ಅವರೆಕಾಯಿ ಕಾಲಕ್ಕೆ, ಹಿತಕಿದ ಬೇಳೆಗೆ ಕೈ ಬೇಕಾದಾಗ ಅಣ್ಣನ ಮನೆಗೆ ಹೋಗುವವಳು.

ನಾಗೇಶ ನಗುನಗುತ್ತಾ ಇದ್ದ ಹುಡುಗ. ಒಂದು ವರ್ಷದಿಂದ ತಟ್ಟೆಯ ಮುಂದೆ ಕೂತು ಮುದ್ದೆ ಮುರಿಯದೆ ಎದ್ದುಬಿಡುತ್ತಿದ್ದ. ಅದಕ್ಕೆ ಕಾರಣ ಹುಡುಕಿ ಸಾಕಾಯಿತು. ಜ್ವರ ಬಂದ ಹಾಗೆ ಈ ಕಾಯಿಲೆಯೂ ಬರುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ಕಂಪನಿಯ ಡಾಕ್ಟರಿಗೆ ಹೇಳಿ ರಜ ಹಾಕುತ್ತೇನೆ ಎಂದು ಅವನು ಹೇಳಿದಾಗ ಅಣ್ಣ, "ರಜ ಆಕಿ ನೋಡು, ಕಾಲ್ ಮುರಿತೀನಿ" ಎಂದ. ಬದಲಿಗೆ ಒಂದು ಉಪಾಯ ಹುಡುಕಿದ. ಆರ್.ಟಿ. ನಗರದ ಮನೋವೈದ್ಯರ ಮುಂದೆ ಶಾಂತಲಾಳನ್ನು ಕೂರಿಸುವುದು. ನಾಗೇಶನಿಗೆ ಆಗುತ್ತಿರುವುದನ್ನೆಲ್ಲ ತನಗೇ ಆಗುತ್ತಿದೆ ಎಂದು ಅವಳು ಹೇಳಬೇಕು. ಚೀಟಿ ಅವಳ ಹೆಸರಿಗೆ, ಮಾತ್ರೆ ಅವನ ಬಾಯಿಗೆ.

ಒಂದು ದಿನ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಈ ವಿಷಯ ನನ್ನ ಕಿವಿಗೆ ಬಿತ್ತು.

"ಅಣ್ಣಾ, ಕಾಯ್ಲೆ ಅವ್ನಿಗೆ. ಡಾಕ್ಟ್ರ ಮುಂದೆ ಅವ್ನೇ ಕೂತ್ಕೋಬೇಕು ತಾನೇ?" ಎಂದೆ.

"ನಿಂಗೇನ್ ಗೊತ್ತಮ್ಮಾ. ಅವ್ನ ಎಸ್ರಲ್ಲಿ ಒಂದ್ ಚೀಟಿ ಉಟ್ಟಿದ್ರೆ ಕಂಪನಿಯೋರು ಮನೇಗ್ ಕಳಿಸ್ತಾರೆ. ಮಾರಿದ್ ಸೈಟು ವಾಪಸ್ ಬತ್ತದಾ?"

"ಈ ಮಗಿನ ಹೆಸ್ರು ಕೆಡಲ್ವಾ?"

"ಅವ್ಳೇನ್ ಇಮಾನ ಓಡಿಸ್ಬೇಕಾ?" ಎಂದು ಅಣ್ಣ ನಕ್ಕ. ಲಕ್ಕಮ್ಮನೂ ನಕ್ಕಳು. "ಗಂಡ್ಮಗ ಅಲ್ವಾ ಗೋಪಾಲಮ್ಮ. ಎಣ್ಮಗು ಒಸಿ ತಡ್ಕೊಂಡ್ರೆ ಏನಾಯ್ತದೆ?"

ಇದು ಅವರಿಬ್ಬರೇ ಕಂಡುಹಿಡಿದ ಪದ್ಧತಿಯಲ್ಲ. ನಮ್ಮ ಮನೆಗಳಲ್ಲಿ ಮಗುವಾಗದಿದ್ದರೆ ಪರೀಕ್ಷೆಗೆ ಹೋಗುವವಳು ಸೊಸೆ. ಮಗ ಕುಡಿದರೆ ದೋಷ ಸೊಸೆ ಕಾಲಿಟ್ಟ ಗಳಿಗೆಯದು. ಗಂಡಸಿನ ಮೈಗೆ ಬಂದದ್ದನ್ನು ಹೆಂಗಸಿನ ಹಣೆಗೆ ಅಂಟಿಸಿ ಎಲ್ಲರೂ ನೆಮ್ಮದಿಯಾಗಿ ಊಟಕ್ಕೆ ಕೂರುತ್ತೇವೆ.

ಆಗ ಶಾಂತಲಾಗೆ ಕೊಡಿಗೇಹಳ್ಳಿಯ ಸುರೇಶನ ಜೊತೆ ಮಾತುಕತೆ ಆಗಿತ್ತು. ಬ್ಯಾಂಕಿನ ಕೆಲಸದ ಹುಡುಗ, ಇವಳಿಗೂ ಮನಸ್ಸಿತ್ತು. ಲಕ್ಕಮ್ಮ ಅಷ್ಟು ದಿನ ಮಾತ್ರೆಯನ್ನು ದೂರದಿಂದ ತರುತ್ತಿದ್ದವಳು, ಮೊಣಕಾಲು ನೋವಿಗೆ ಅಷ್ಟು ದೂರ ಹೋಗಲಾರದೆ ಒಮ್ಮೆ ಕೊಡಿಗೇಹಳ್ಳಿಗೆ ಅಂಟಿಕೊಂಡಿರುವ ಸಹಕಾರನಗರದ ಮೆಡಿಕಲ್ ಸ್ಟೋರಿಗೇ ಹೋದಳು. ಅಂಗಡಿಯವನು ಚೀಟಿ ನೋಡಿ, "ಈ ಡಿಪ್ರೆಶನ್ ಮಾತ್ರೆ ತಗೊಳ್ಳೋ ಶಾಂತಲಾ ಯಾರಮ್ಮಾ?" ಎಂದು ಗಟ್ಟಿಯಾಗಿ ಕೇಳಿದ. ಬೆನ್ನ ಹಿಂದೆ ನಿಂತಿದ್ದವಳು ಸುರೇಶನ ಚಿಕ್ಕಮ್ಮ.

ಮಾರನೆಯ ದಿನವೇ ಬೀಗರಾಗಬೇಕಿದ್ದವರು ಬಂದರು. ಆಗಲಾದರೂ ಅಣ್ಣ ನಿಜ ಹೇಳಬಹುದಿತ್ತು. ಬಾಗಿಲ ಹಿಂದೆ ಮಗಳು ನಿಂತಿರುವುದು ಗೊತ್ತಿದ್ದೂ, "ಒಸಿ ತಲೆ ಬಿಸಿ ಅಷ್ಟೇ ಕಣ್ರೀ, ಈಗ ಪರ್ವಾಗಿಲ್ಲ" ಎಂದ. ಅವರು ಕಾಫಿ ಮುಟ್ಟದೆ ಎದ್ದುಹೋದರು.

ಅಂದು ಸಂಜೆ ಶಾಂತಲಾ ಅಟ್ಟೂರಿಗೆ ಬಂದಳು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ನನ್ನ ಮಿಷಿನ್ನಿನ ಪಕ್ಕ ಕೂತು ಒಂದು ಬಟ್ಟೆ ಚೂರನ್ನು ಎಳೆಎಳೆಯಾಗಿ ಬಿಚ್ಚಿದಳು.

"ಅತ್ತೆ, ನಾನು ಸುಮ್ನಿರಲ್ಲ. ಅಪ್ಪಂಗೆ ನನ್ ಕೈಲಾದಷ್ಟು ನೋವು ಕೊಡ್ತೀನಿ."

"ಕೊಡು. ಆದ್ರೆ ನಿಂಗೆ ಗಾಯ ಆಗ್ದಿರೋ ಹಾಗೆ ಕೊಡು" ಎಂದೆ. ನಾನು ಅವಳಿಗೆ ಬುದ್ಧಿ ಹೇಳಬೇಕಿತ್ತು ಎನ್ನುವವರು, ಮುರಿದ ಮದುವೆಯ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಒಮ್ಮೆ ಹೇಳಿನೋಡಲಿ.

ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಲಕ್ಕಮ್ಮನಿಗೆ ಜ್ವರ. ಜೊತೆಗೆ ಹೆಂಗಸೊಬ್ಬಳಿರಲಿ ಎಂದು ನನ್ನನ್ನು ಕರೆದರು. ಅಣ್ಣ ಕಾರು ಓಡಿಸುತ್ತಿದ್ದ. ಪಕ್ಕದಲ್ಲಿ ನಾಗೇಶ, ಟೋಪಿ ಹಣೆಯವರೆಗೆ ಎಳೆದುಕೊಂಡು. ಹಿಂದೆ ನಾವಿಬ್ಬರು. ಹೆಬ್ಬಾಳದ ಫ್ಲೈಓವರ್ ಮೇಲೆ ವಾಹನಗಳು ನಿಂತಲ್ಲೇ ನಿಂತಿದ್ದವು. ಶಾಲೆಯಲ್ಲಿ ಪದ್ಯ ಬಾಯಿಪಾಠ ಮಾಡಿಸುವ ಹಾಗೆ ಅಣ್ಣ ಶುರುಮಾಡಿದ.

"ಏಳಮ್ಮಾ, ಡಾಕ್ಟ್ರಿಗೆ ಏನಂತ ಏಳ್ತೀಯ?"

"ನಿದ್ದೆ ಬರಲ್ಲ. ಊಟ ಸೇರಲ್ಲ."

"ಹೊಸದೇನಾದ್ರೂ ಇದ್ರೆ ಏಳೋ ನಾಗೇಶ, ಅವ್ಳಿಗೆ ಗೊತ್ತಾಗ್ಬೇಕಲ್ಲ."

ನಾಗೇಶ ಕಿಟಕಿಯ ಕಡೆ ನೋಡುತ್ತಲೇ ಮಾತಾಡಿದ. "ಹೊಸದು ಇದೆ. ಆದ್ರೆ ಇವ್ಳು ಹೇಳಕ್ಕಾಗಲ್ಲ, ಇವ್ಳು ಪೈಲಟ್ ಅಲ್ವಲ್ಲ. ಕ್ಯಾಪ್ಟನ್ ಬಾತ್‌ರೂಮಿಗೆ ಎದ್ದುಹೋದಾಗ ಕಾಕ್‌ಪಿಟ್ ಒಳಗೆ ನಾನೊಬ್ಬನೇ. ಅದ್ರ ಬಾಗ್ಲು, ವಿಮಾನ ಅಪಹರಿಸೋರು ನುಗ್ಗಬಾರ್ದು ಅಂತ ಮಾಡಿರೋದು. ಒಳಗಿರೋನು ಬೇಡ ಅಂದ್ರೆ ಹೊರಗಿನೋರು ತೆಗಿಯಕ್ಕಾಗಲ್ಲ. ಅಲ್ಲಿ ಕೂತಾಗ ಅನ್ಸುತ್ತೆ, ಇವತ್ತು ಎಲ್ಲಾ ಮುಗಿಸ್ಬಿಡೋಣ, ಅಪ್ಪನ ಸೈಟು, ಅಪ್ಪನ ಫೋಟೋ, ಎಲ್ಲಾ ನೆಲಕ್ಕೆ ಬೀಳ್ಲಿ ಅಂತ."

ಹಿಂದಿನ ಬಸ್ಸಿನವನು ಹಾರ್ನ್ ಒತ್ತುತ್ತಿದ್ದ.

"ಒಬ್ಬರನ್ನೇ ಬಿಡಬಾರ್ದು ಅಂತ ರೂಲು ಇದೆ ಅತ್ತೆ" ಎಂದು ಅವನು ನನ್ನ ಕಡೆ ತಿರುಗಿದ. "ಒಬ್ರು ಹೊರಗೆ ಹೋದ್ರೆ ಕ್ಯಾಬಿನ್ ಹುಡ್ಗಿ ಒಬ್ಳು ಒಳಗೆ ಬಂದು ನಿಂತಿರ್ಬೇಕು. ಮೊನ್ನೆ ಒಬ್ಳು ಬಂದ್ಲು. 'ಸರ್, ಊಟ ಆಯ್ತಾ?' ಅಂದ್ಲು. ಇಲ್ಲ ಅಂದೆ. ಬೈದ್ಲು. ಅಷ್ಟೊತ್ತಿಗೆ ಕ್ಯಾಪ್ಟನ್ ಬಂದ್ರು. ಅವ್ಳು ಬರದೆ ಇದ್ದಿದ್ರೆ ಏನಾಗ್ತಿತ್ತೋ ನಂಗೊತ್ತಿಲ್ಲ."

"ನಾಳೆ?" ಎಂದಳು ಶಾಂತಲಾ.

"ನಾಳೆ ಕ್ಯಾಪ್ಟನ್ನು ಹಳೇ ಕಾಲದವ್ರು. ಹುಡ್ಗೀರ್ನ ಒಳಗೆ ಕರಿಯಲ್ಲ. 'ನಮ್ ಹುಡ್ಗ ಇದ್ದಾನಲ್ಲ, ನೀನ್ ಯಾಕಮ್ಮ' ಅಂತಾರೆ."

ಅಣ್ಣ ಗೇರ್ ಬದಲಿಸಿದ. "ಸುಮ್ಕೆ ತಮಾಷೆ ಮಾಡ್ತವ್ನೆ. ನಮ್ ಹುಡ್ಗ ಅಂಥೋನಲ್ಲ. ನೀನು ನಿದ್ದೆ ಬರಲ್ಲ ಅಂತ ಮಾತ್ರ ಏಳಮ್ಮಾ."

ನಾಗೇಶನನ್ನು ಕಾರಿನಲ್ಲೇ ಬಿಟ್ಟು ನಾವು ಮೂವರು ಮೇಲೆ ಹೋದೆವು. ಡಾಕ್ಟರ್ ಮುಜಫ್ಫರ್ ನಿಧಾನದ ಮನುಷ್ಯ.

"ನಿದ್ದೆ ಹೇಗಿದೆ ಶಾಂತಲಾ ಅವರೇ?"

"ಬರ್ತಿಲ್ಲ ಸರ್."

"ಬದುಕೋದೇ ಬೇಡ ಅಂತ ಯಾವಾಗಲಾದರೂ ಅನ್ನಿಸುತ್ತಾ?"

"ಅವೆಲ್ಲ ಏನಿಲ್ಲ ಡಾಕ್ಟ್ರೇ" ಎಂದು ಅಣ್ಣ ಬಾಯಿ ಹಾಕಿದ.

"ನಾನು ಅವರನ್ನ ಕೇಳ್ತಿದ್ದೀನಿ."

ಶಾಂತಲಾ ಅಪ್ಪನ ಮುಖವನ್ನು ನೋಡಿದಳು. ಕಣ್ಣು ಕೀಳಲೇ ಇಲ್ಲ. ಉತ್ತರವನ್ನು ಮಾತ್ರ ಡಾಕ್ಟರಿಗೆ ಹೇಳಿದಳು. "ನಂಗೆ ಅನ್ಸಲ್ಲ ಸರ್. ನಂಗೆ ಯಾವ ಕಾಯ್ಲೇನೂ ಇಲ್ಲ. ನಿದ್ದೆ ಕೆಟ್ಟಿದ್ದು ಒಂದೇ ದಿನ, ಇವ್ರು ನನ್ ಮದ್ವೆ ಮುರಿದ ದಿನ. ನೀವು ಕೊಡೋ ಮಾತ್ರೆ ನುಂಗೋದು ನಮ್ಮಣ್ಣ. ಕೆಳಗೆ ಕಾರಲ್ಲಿದ್ದಾನೆ. ಪೈಲಟ್ಟು. ನಾಳೆ ವಿಮಾನ ಓಡಿಸ್ಬೇಕು. ಒಬ್ಬನೇ ಇದ್ದಾಗ ಅದನ್ನ ಕೆಡವೋ ಯೋಚ್ನೆ ಬರ್ತಿದೆ ಅಂತ ಈಗ ತಾನೇ ಹೇಳ್ದ."

ಅಣ್ಣ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದ. "ನೋಡಿದ್ರಾ ಡಾಕ್ಟ್ರೇ! ಇವ್ಳಿಗೆ ತಲೆ ಕೆಟ್ಟದೆ. ಅದ್ಕೇ ಅಲ್ವಾ ನಿಮ್ತಾವ ಕರ್ಕೊಂಡ್ ಬತ್ತಿರೋದು?"

ಆತ ಕಟ್ಟಿದ ಸುಳ್ಳಿನ ಬಲ ಆಗ ಗೊತ್ತಾಯಿತು. ಆರು ತಿಂಗಳಿಂದ ಡಾಕ್ಟರ ಕಾಗದದಲ್ಲಿ ರೋಗಿ ಎಂದು ಇದ್ದವಳು ಇವಳು. ಒಂದು ವಿಮಾನದ ಜನರ ಪ್ರಾಣದ ಬಗ್ಗೆ ನಿಜ ಹೇಳಿದಾಗ ಯಾರು ನಂಬಬೇಕು?

"ತಲೆ ಕೆಟ್ಟಿಲ್ಲ ಡಾಕ್ಟ್ರೇ" ಎಂದೆ. "ನಾನು ಈ ಮನುಷ್ಯನ ಒಡಹುಟ್ಟಿದ ತಂಗಿ. ಕಾರಲ್ಲಿ ನನ್ನ ಕಿವಿಯಾರೆ ಕೇಳಿದೀನಿ. ಹುಡುಗನ್ನ ಕರ್ಕೊಂಡ್ ಬರ್ತೀನಿ, ನೀವೇ ಕೇಳಿ."

"ಗೋಪಾಲಮ್ಮ, ಕೆಳಗ್ ಓದೆ ಅಂದ್ರೆ ನನ್ ಮನೆ ಒಸ್ಲು ತುಳೀಬೇಡ!"

"ಆಯ್ತು ಬಿಡಣ್ಣ" ಎಂದು ಮೆಟ್ಟಿಲಿಳಿದೆ.

ನಾಗೇಶ ತಕರಾರು ಮಾಡದೆ ಬಂದ. ಟೋಪಿ ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರು ಕೇಳಿದ್ದಕ್ಕೆಲ್ಲ ಹೌದೆಂದ. ಕೊನೆಗೆ ಡಾಕ್ಟರು ಅಣ್ಣನ ಕಡೆ ತಿರುಗಿದರು. "ಇದು ವಾಸಿಯಾಗೋ ಕಾಯಿಲೆ ಯಜಮಾನ್ರೇ. ವಿಶ್ರಾಂತಿ ತಗೊಂಡು, ಚಿಕಿತ್ಸೆ ಮುಗಿಸಿ, ಪರೀಕ್ಷೆಯಲ್ಲಿ ಪಾಸಾಗಿ ಮತ್ತೆ ಹಾರಿದವರಿದ್ದಾರೆ. ರೋಗಿಯ ಮುಖಾನೇ ನೋಡದೆ ನಾನು ಕೊಟ್ಟ ಮಾತ್ರೆ ಇವರಿಗೆ ಸರಿಯೋ ತಪ್ಪೋ ನನಗೇ ಗೊತ್ತಿಲ್ಲ. ನಾಳೆ ಇವರು ಹಾರೋ ಹಾಗಿಲ್ಲ. ಕಂಪನಿಗೆ ಈಗಲೇ ತಿಳಿಸಬೇಕು. ನೀವು ಹೇಳದಿದ್ದರೆ ನಾನು ಹೇಳ್ತೀನಿ."

"ಅಪ್ಪ ಹೇಳ್ಲಿ" ಎಂದ ನಾಗೇಶ. ಅವನ ದನಿಯಲ್ಲಿ ಬಹಳ ದಿನದ ವಿಷವಿತ್ತು. "ಇಷ್ಟ್ ದಿನ ನನ್ನ ಪರವಾಗಿ ಎಲ್ಲಾ ಅವ್ರೇ ಮಾತಾಡಿದ್ರಲ್ಲ. ಇದನ್ನೂ ಅವ್ರೇ ಹೇಳ್ಲಿ. 'ನನ್ ಮಗನಿಗೆ ಕಾಯ್ಲೆ' ಅಂತ ಒಂದ್ಸಲ ಬಾಯ್ಬಿಟ್ಟು ಹೇಳ್ಲಿ."

ಶಾಂತಲಾ ನಾಗೇಶನ ಫೋನಿನಲ್ಲಿ ಕಂಪನಿಯ ನಂಬರ್ ಒತ್ತಿ ಅಪ್ಪನ ಮುಂದೆ ಹಿಡಿದಳು. ಆ ಕಡೆ ಯಾರೋ "ಹಲೋ, ಹಲೋ" ಎನ್ನುತ್ತಿದ್ದರು. ಮುನಿಕೃಷ್ಣಪ್ಪ ಗೋಡೆ ನೋಡುತ್ತಾ ನಿಂತ. ಮಗಳೇ ಹೇಳಿದಳು. ತನ್ನ ಹೆಸರು, ಅಣ್ಣನ ಹೆಸರು, ಕಾಯಿಲೆಯ ಹೆಸರು. ಆ ಕ್ಯಾಪ್ಟನ್ ರೂಲು ಮುರಿಯುವುದನ್ನೂ ಬಿಡದೆ ಹೇಳಿದಳು.

ಭಾನುವಾರ ನಂಟರು ಸೇರಿದರು. ಹೊಸ್ತಿಲು ತುಳಿಯಬೇಡ ಎಂದಿದ್ದರಿಂದ ನಾನು ಜಗಲಿಯಲ್ಲೇ ಕೂತೆ. ಶಾಂತಲಾ ಬಾಗಿಲ ಬಳಿ ನಿಂತಳು. ದಾಯಾದಿಗಳಲ್ಲಿ ಹಿರಿಯನಾದ ಆನಂದಪ್ಪ ತೀರ್ಮಾನ ಹೇಳಿದ. "ಆಗಿದ್ದಾಯ್ತು. ನಾಗೇಶಂಗೆ ಬೆನ್ನುನೋವು, ರಜ ಆಕವ್ನೆ ಅನ್ನಣ. ಫೋನ್ ಮಾಡಿದ್ದು ಈ ಮಗಿಗೆ ಮೊದ್ಲಿಂದ ತಲೆ ಸರಿ ಇಲ್ದೆ ಅನ್ನಣ. ಎಂಗೂ ಊರಿಗೆಲ್ಲ ಗೊತ್ತಲ್ಲ. ಅಪ್ಪನ ಕಾಲಿಗ್ ಬಿದ್ಬುಡಮ್ಮ, ಮುಗೀತು."

ಇಷ್ಟೆಲ್ಲ ಆದ ಮೇಲೂ ಅದನ್ನು ಮತ್ತೆ ಅವಳ ತಲೆಗೇ ಕಟ್ಟಲು ಹೊರಟಿದ್ದರು!

"ಬೆನ್ನು ಚೆನ್ನಾಗಿದೆ ದೊಡ್ಡಪ್ಪ" ಎಂದು ಮೂಲೆಯಿಂದ ನಾಗೇಶ ಹೇಳಿದ. "ನಂಗಿರೋದು ಡಿಪ್ರೆಶನ್ನು."

"ಮುಚ್ಚೋ ಬಾಯಿ!" ಎಂದು ಅಣ್ಣ ಕೂಗಿದ. ಮಗಳ ಕಡೆ ತಿರುಗಿದ. "ಸೇಡ್ ತೀರಿಸ್ಕೊಂಡ್ಯಲ್ಲೇ, ಮನೆಹಾಳಿ!"

"ಹೌದಪ್ಪಾ, ತೀರಿಸ್ಕೊಂಡೆ" ಎಂದಳು ಶಾಂತಲಾ. "ಸೇಡೇ ಅದು, ಸುಳ್ಳ್ ಯಾಕ್ ಹೇಳ್ಲಿ. ಅದ್ರ ಜೊತೆಗೆ ನಿಮ್ ಮಗನೂ ಉಳಿದ. ಕಾಲಿಗೆ ಬೀಳಲ್ಲ. ಇನ್ನೊಂದ್ ವಿಷ್ಯ. ಬೆಳಿಗ್ಗೆ ಅಣ್ಣನ್ನ ಕೇಳ್ಕೊಂಡು, ಅತ್ತೆ ಜೊತೆ ಕೊಡಿಗೇಹಳ್ಳಿಗೆ ಹೋಗ್ಬಂದೆ. ಮಾತ್ರೆ ಯಾರ್ದು, ಚೀಟಿ ಯಾರ ಹೆಸ್ರಿಗೆ, ಬರೆಸಿದ್ದು ಯಾರು, ಅವ್ರ ಮನೆ ಹಜಾರದಲ್ಲಿ ನಿಂತು ಹೇಳಿದೀನಿ. ಸುರೇಶನ ಚಿಕ್ಕಮ್ಮ ಎದುರಿಗೇ ಇದ್ರು. ಸಂಜೆಯೊಳಗೆ ಯಲಹಂಕಕ್ಕೆಲ್ಲ ಗೊತ್ತಾಗುತ್ತೆ."

ಅಣ್ಣನ ಮುಖ ಬೂದಿಯಾಯಿತು. ನನಗೆ ಅಯ್ಯೋ ಎನಿಸಲಿಲ್ಲ. ಆರು ತಿಂಗಳು ಅವಳ ಮುಖ ಹಾಗಿದ್ದಾಗ ಆತನಿಗೂ ಎನಿಸಿರಲಿಲ್ಲ. ಅವಳ ಬಟ್ಟೆಯ ಚೀಲ ನಾನು ಹಿಡಿದೆ, ಪುಸ್ತಕದ ಚೀಲ ಅವಳು ಹಿಡಿದಳು. ಅಟ್ಟೂರಿಗೆ ಬಂದೆವು.

ಮನೆಯಲ್ಲಿ ಇಂಥದ್ದೊಂದು ಮುಚ್ಚಿಟ್ಟುಕೊಂಡು ಇದನ್ನು ಓದುತ್ತಿರುವ ತಾಯಿ ತಂದೆಯರಿಗೆ ನಾನು ಹೇಳುವುದಿಷ್ಟು. ವಿಮಾನದವರು ಬಾಗಿಲಿಗೆ ಎಂಥ ಬೀಗವನ್ನೂ ಹಾಕಲಿ, ಎಂಥ ರೂಲನ್ನೂ ಮಾಡಲಿ, ಒಳಗೆ ಕೂರುವವನನ್ನು ಕಳಿಸುವುದು ನಮ್ಮ ಮನೆ. ಅವನಿಗೆ ಹುಷಾರಿಲ್ಲ ಎಂಬುದು ಮೊದಲು ಗೊತ್ತಾಗುವುದೂ ನಮಗೇ. ಬಸ್ಸಿನವನಾಗಲಿ, ಲಾರಿಯವನಾಗಲಿ, ಇದೇ ಮಾತು.

ಈಗ ಆದದ್ದನ್ನು ಹೇಳಿಬಿಡುತ್ತೇನೆ. ಸುರೇಶನ ಮನೆಯವರು ಮತ್ತೆ ಹೆಣ್ಣು ಕೇಳಿಸಿದರು. ಹೆತ್ತ ಅಪ್ಪನ ಮಾತು ಕೇಳಿ ಎದ್ದುಹೋದವರು, ಹುಡುಗಿಯನ್ನು ಒಂದು ಮಾತು ಕೇಳದವರು ಬೇಡ ಎಂದಳು ಶಾಂತಲಾ. ಮದುವೆ ಹೋಯಿತು. ತವರು ಹೋಯಿತು. ನನಗೆ ಅಣ್ಣ ಹೋದ. ಆ ಕ್ಯಾಪ್ಟನ್ನನ್ನು ಕಂಪನಿ ಕೆಲಸದಿಂದ ಇಳಿಸಿ ವಿಚಾರಣೆ ಮಾಡುತ್ತಿದೆ. ನಾಗೇಶನಿಗೆ ಹಾರಾಟ ನಿಂತಿದೆ, ಮತ್ತೆ ಸಿಗಬಹುದು, ಸಿಗದೆಯೂ ಇರಬಹುದು. ವಾರಕ್ಕೊಮ್ಮೆ ತನ್ನ ಹೆಸರಿನಲ್ಲೇ ಡಾಕ್ಟರನ್ನು ಕಂಡು, ಅಲ್ಲಿಂದ ನಮ್ಮ ಮನೆಗೆ ಬರುತ್ತಾನೆ. ಎರಡು ಮುದ್ದೆ ಉಣ್ಣುತ್ತಾನೆ. ಹೊಲಿಗೆ ಮಿಷಿನ್ನಿನ ಸದ್ದಿನಲ್ಲೇ ಗೊರಕೆ ಹೊಡೆಯುತ್ತಾನೆ. ಕಂಪನಿಗೆ ಫೋನ್ ಮಾಡಿದ ಮರುದಿನ ಆ ವಿಮಾನವನ್ನು ಬೇರೆ ಪೈಲಟ್ಟುಗಳು ಓಡಿಸಿದರು. ಅದರಲ್ಲಿದ್ದವರೆಲ್ಲ ಇಳಿದು ತಮ್ಮ ತಮ್ಮ ಮನೆಗೆ ಹೋದರು.