ವರದರಾಜನ ಮಡಿ

ವರದರಾಜನ ಮಡಿಯನ್ನು ನಮ್ಮ ಬೀದಿಯವರೆಲ್ಲ ಹೊಗಳುತ್ತಿದ್ದರು. ಹೊಳೆನರಸೀಪುರದಲ್ಲಿ ಅಷ್ಟು ಕಟ್ಟುನಿಟ್ಟಿನ ಅರ್ಚಕ ಇನ್ನೊಬ್ಬನಿಲ್ಲ ಎಂದು ಅವನ ತಾಯಿ ಶ್ರೀರಂಗಮ್ಮ ಹೇಳಿಕೊಳ್ಳುವಾಗ ಯಾರೂ ಎದುರಾಡುತ್ತಿರಲಿಲ್ಲ. ಹೇಮಾವತಿಯಲ್ಲಿ ಮುಳುಗಿ ಬರುವಾಗ ಒಂದು ಒಣ ಎಲೆ ಕಾಲಿಗೆ ತಗುಲಿದರೂ ಸಾಕು, ಅವನು ತಿರುಗಿ ಹೊಳೆಗೇ ಹೋಗುತ್ತಿದ್ದ. ಪೂಜೆಯ ನಡುವೆ ಮಂತ್ರದ ಒಂದು ಅಕ್ಷರ ಜಾರಿತೆಂಬ ಅನುಮಾನ ಬಂದರೆ ಎಲ್ಲವೂ ಮೊದಲಿನಿಂದ. ಮಂಗಳಾರತಿಗೆ ಕಾದು ಕಾದು ಬೇಸತ್ತವರು ಕೂಡ "ಎಂಥ ಶ್ರದ್ಧೆ" ಎನ್ನುತ್ತ ಕೈಮುಗಿದು ಮನೆಗೆ ಹೋಗುತ್ತಿದ್ದರು.

ನಾನು ಅವರ ಎದುರು ಮನೆಯವಳು. ಹಾಸನದ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿ ನಿವೃತ್ತಳಾದವಳು. ಒಂದು ದಿನ ತೀರ್ಥಕ್ಕೆ ಕೈಯೊಡ್ಡಿದಾಗ ಅವನ ಬೆರಳುಗಳ ಸಂದಿನಲ್ಲಿ ರಕ್ತ ಕಂಡೆ. ಚರ್ಮ ಬೆಂದ ಹಾಗಿತ್ತು. ಅವನ ಹೆಂಡತಿ, ಮಗಳನ್ನು ಕರೆದುಕೊಂಡು ಚನ್ನರಾಯಪಟ್ಟಣದ ತವರಿಗೆ ಹೋಗಿ ಆಗಲೇ ಬಹಳ ದಿನವಾಗಿತ್ತು. ಶಾಲೆಯಿಂದ ಬಂದ ಮಗುವಿನ ಪುಸ್ತಕಗಳನ್ನೂ ಅವನು ನೀರಿಗೆ ಅದ್ದುತ್ತಿದ್ದನಂತೆ. ದೇವಸ್ಥಾನ ಸಮಿತಿಯ ಈಶ್ವರಯ್ಯನವರು ಕೊನೆಗೂ ಬಾಯಿಬಿಟ್ಟಿದ್ದರು: ಧನುರ್ಮಾಸ ಬರುವುದರೊಳಗೆ ಪೂಜೆ ಹೊತ್ತಿಗೆ ಸರಿಯಾಗಿ ಮುಗಿಯುವಂತಾಗಬೇಕು, ಇಲ್ಲದಿದ್ದರೆ ಬೇರೆ ಅರ್ಚಕರನ್ನು ನೋಡಿಕೊಳ್ಳುತ್ತೇವೆ.

"ಇದು ಮಡಿಯಲ್ಲ ವರದ, ಕಾಯಿಲೆ," ಎಂದೆ. ಅವನು ಕೈಯನ್ನು ಬೆನ್ನ ಹಿಂದೆ ಮರೆಮಾಡಿ, "ನಂಗೂ ಗೊತ್ತು ಹಂಸಮ್ಮ. ಅಮ್ಮಂಗೆ ಹೇಳ್ಬೇಡಿ," ಎಂದ.

ಹಾಸನದ ಒಂದು ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿನ ಮನೋವೈದ್ಯರು ಮಾತ್ರೆ ಬರೆದುಕೊಟ್ಟು, ಜೊತೆಗೆ ಕೌನ್ಸೆಲಿಂಗ್‌ಗೆ ಅಲ್ಲೇ ಕೆಲಸ ಮಾಡುವ ಯಶೋಧರಾ ಎಂಬ ಹುಡುಗಿಯ ಬಳಿ ಕಳಿಸಿದರು. ಅವಳ ಕೋಣೆಯಲ್ಲಿ ಕುರ್ಚಿ ಮುಟ್ಟಲಾಗದೆ ವರದ ನಿಂತೇ ಇದ್ದ. ಕೂತುಕೊಳ್ಳಿ ಎಂದು ಅವಳು ಹೇಳಲಿಲ್ಲ. ತಾನೂ ಎದ್ದು ನಿಂತಳು. ಅವನು ಕೂರುವವರೆಗೂ ನಿಂತುಕೊಂಡೇ ಮಾತಾಡಿದಳು. ಆ ಹುಡುಗಿ ನನಗೆ ಹಿಡಿಸಿದ್ದು ಅಷ್ಟರಿಂದಲೇ.

ಆದರೆ ಅವಳು ಮೊದಲು ನಿಲ್ಲಿಸಿದ್ದು ನಮ್ಮ ಉಪಕಾರಗಳನ್ನು. ಬಸ್ಸಿನ ಸರಳು ಮುಟ್ಟಲಾರದ ವರದನನ್ನು ಹಾಸನದವರೆಗೆ ಆಟೋದಲ್ಲೇ ತರುತ್ತಿದ್ದ ಕಾಂತರಾಜು, ಪ್ರತಿ ಸಲವೂ ಕೇಳದೆಯೇ ತನ್ನ ಟವೆಲಿನಿಂದ ಸೀಟು ಒರೆಸಿಕೊಡುತ್ತಿದ್ದ. ವರದ ಚಿಲಕ ಮುಟ್ಟಲಾರನಲ್ಲ ಎಂದು ನಾನು ನಮ್ಮ ಗೇಟನ್ನು ಯಾವಾಗಲೂ ತೆರೆದಿಡುತ್ತಿದ್ದೆ. ಎರಡೂ ಕೂಡದು ಎಂದಳು.

"ಇದ್ಯಾವ ಟ್ರೀಟ್ಮೆಂಟು ತಾಯಿ?" ಎಂದ ಕಾಂತರಾಜು. "ಗಲೀಜ್ನಲ್ಲಿ ಕೂರ್ಸುದ್ರೆ ವಾಸಿ ಆಯ್ತದಾ? ಅಂಗಾರೆ ನನ್ ಆಟೋಗೇ ಆಸ್ಪತ್ರೆ ಅಂತ ಬೋರ್ಡ್ ಆಕ್ಬುಡ್ತೀನಿ ಕಣಮ್ಮ!"

"ಹಾಕಿ. ಆದ್ರೆ ಒರೆಸ್ಬೇಡಿ," ಎಂದಳು ಯಶೋಧರಾ, ನಗದೆ.

ವಿಷಯ ಶ್ರೀರಂಗಮ್ಮನವರ ಕಿವಿಗೆ ಬೀಳಲು ಹೆಚ್ಚು ಕಾಲ ಹಿಡಿಯಲಿಲ್ಲ. ನಾನು ಕರಿಬೇವು ಕೊಡಲು ಹೋದರೆ ಬಾಗಿಲಲ್ಲೇ ತಡೆದರು.

"ಬಾರೇ ಪ್ರೊಫೆಸರಮ್ಮ. ನನ್ನ ಮಗನ್ನ ಹುಚ್ಚಾಸ್ಪತ್ರೆಗೆ ಸೇರಿಸಿ ಬಂದ್ಯಾ?"

"ಆಸ್ಪತ್ರೆ ಅಲ್ಲ ಶ್ರೀರಂಗಕ್ಕ. ಕೌನ್ಸೆಲಿಂಗ್."

"ಹಾಗಂದ್ರೆ?"

ವರ್ಷವರ್ಷವೂ ಬಿ.ಎ. ಮಕ್ಕಳಿಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ಹಿಂದೆ ಎಲ್ಲ ದೇಶಗಳಲ್ಲೂ ಮನಸ್ಸು ಕೆಟ್ಟವರನ್ನು ಗುಡಿಗೆ ಒಪ್ಪಿಸುತ್ತಿದ್ದರು, ಇಲ್ಲವೇ ಸರಪಳಿ ಹಾಕುತ್ತಿದ್ದರು. ಆಮೇಲೆ ಸರಪಳಿ ಬಿಚ್ಚಿಸಿದವರು ಬಂದರು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ವಿಯೆನ್ನಾ ನಗರದಲ್ಲಿ ವೈದ್ಯರೊಬ್ಬರು ರೋಗಿಯನ್ನು ಮಲಗಿಸಿ, ತಾವು ತಲೆಯ ಹಿಂದೆ ಕಾಣದಂತೆ ಕೂತು, ಹುಟ್ಟಿದಾಗಿನಿಂದ ಎಲ್ಲವನ್ನೂ ಹೇಳು ಎಂದರು.

"ಎದುರಿಗೆ ಕೂರೋಕೆ ಅವರಿಗೇನು ನಾಚಿಕೆಯೋ?"

"ಅದನ್ನೇ ಅಮೆರಿಕದಲ್ಲಿ ಇನ್ನೊಬ್ಬರು ಕೇಳಿದ್ರು. ಎದುರುಬದುರು ಕುರ್ಚಿ ಹಾಕಿ, ಬುದ್ಧಿ ಹೇಳೋದು ಬಿಟ್ಟು ಸುಮ್ಮನೆ ಕೇಳಿಸ್ಕೊಳ್ಳಿ ಅಂದ್ರು."

"ಅದಕ್ಕೆ ದುಡ್ಡು ಬೇರೆ ಕೊಡ್ಬೇಕಾ? ನಾನು ಎಷ್ಟು ವರ್ಷದಿಂದ ನಿನ್ನ ಮಾತು ಕೇಳಿಸ್ಕೊಳ್ತಾ ಇದೀನಿ!"

"ಕೆಲವು ಕಾಯಿಲೆಗೆ ಮಾತೂ ಸಾಲ್ದು ಅಂತ ಆಮೇಲೆ ಗೊತ್ತಾಯ್ತು. ಅರವತ್ತು ವರ್ಷದ ಹಿಂದೆ ಲಂಡನ್ನಿನ ಒಂದು ಆಸ್ಪತ್ರೇಲಿ, ಹೀಗೇ ಕೈ ತೊಳೀತಿದ್ದವರ ಕೋಣೆಗೆ ನಲ್ಲೀನೇ ಬಂದ್ ಮಾಡಿದ್ರು. ಭಯ ಪಡೋದನ್ನ ಮುಟ್ಟಿಸಿ, ತೊಳೀದೆ ಇರೋದನ್ನ ಕಲಿಸಿದ್ರು. ಭಯ ಮೊದಲು ಏರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ವರದನಿಗೆ ಮಾಡ್ತಾ ಇರೋದು ಅದನ್ನೇ."

"ಪ್ರತಿ ಬೇಸಿಗೇಲೂ ಪುರಸಭೆಯೋರು ನಮ್ಮ ನಲ್ಲಿ ಬಂದ್ ಮಾಡ್ತಾರೆ. ಅವರೆಲ್ಲ ಡಾಕ್ಟ್ರೇ ಅನ್ನು," ಎಂದು ಕರಿಬೇವನ್ನು ಕಸಿದುಕೊಂಡು ಬಾಗಿಲು ಹಾಕಿಕೊಂಡರು.

ಕ್ಲಿನಿಕ್ಕಿನಲ್ಲಿ ವರದ ಸುಧಾರಿಸಿದ. ಕುರ್ಚಿ ಮುಟ್ಟಿದ, ಚಿಲಕ ಮುಟ್ಟಿದ, ಬಸ್ಸಿನಲ್ಲೂ ಬಂದ. ಆದರೆ ಮನೆಯ ಹೊಸಿಲು ದಾಟಿದೊಡನೆ ಎಲ್ಲವೂ ಮೊದಲಿನಂತೆಯೇ. ಭಯ ಇರುವ ಜಾಗದಲ್ಲೇ ಪಾಠ ನಡೆಯಬೇಕು ಎಂದು ಒಂದು ಶನಿವಾರ ಮಧ್ಯಾಹ್ನ ಯಶೋಧರಾ ಹೊಳೆನರಸೀಪುರಕ್ಕೆ ಬಂದಳು. ಯೋಜನೆ ಸರಳವಾಗಿತ್ತು. ಅವಳು ಅವರ ಮನೆಯ ಜಗಲಿಯ ಮೇಲೆ ಕೂರುವುದು. ಅವಳು ಎದ್ದ ಮೇಲೆ ವರದ ಅಲ್ಲೇ ಕೂರುವುದು. ಆ ಜಾಗವನ್ನು ಯಾರೂ ತೊಳೆಯಬಾರದು. ಸ್ನಾನ ಮಾಡದೆ, ಕೈ ತೊಳೆಯದೆ, ಸಂಜೆ ಅವನು ದೇವರ ಮುಂದೆ ದೀಪ ಹಚ್ಚಬೇಕು.

ಶ್ರೀರಂಗಮ್ಮ ಹೊರಗೆ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಬೆನ್ನು ನೆಟ್ಟಗೆ. ಕೈಯಲ್ಲಿ ಸ್ಟೀಲ್ ಲೋಟದ ಕಾಫಿ. ಜಗಲಿಯ ಮೇಲೆ ಕೂತಿದ್ದ ಯಶೋಧರಾಳ ಪಕ್ಕದಲ್ಲಿಟ್ಟು ಕೇಳಿದರು: "ಯಾವೂರಾಯ್ತಮ್ಮ?"

"ಅರಕಲಗೂಡು ತಾಲ್ಲೂಕು, ರಾಮನಾಥಪುರ. ಅಪ್ಪ ತಂಬಾಕು ಹರಾಜು ಮಾರ್ಕೆಟ್ಟಲ್ಲಿ ಕೆಲಸ ಮಾಡ್ತಾರೆ."

"ಯಾರ ಪೈಕಿ?"

"ನಾವು ಬೌದ್ಧರು."

"ಅಂದ್ರೆ... ಮುಂಚೆ?"

"ಮುಂಚೆ ಏನು ಅಂತ ನಿಮಗೆ ಆಗ್ಲೇ ಗೊತ್ತಾಯ್ತಲ್ಲ ಅಮ್ಮ. ಅದೇ."

ಶ್ರೀರಂಗಮ್ಮ ಬಗ್ಗಿ ಲೋಟವನ್ನು ತೆಗೆದುಕೊಂಡರು. "ತಾಳು, ಆರಿಹೋಗಿದೆ," ಎಂದರು. ಕಾಫಿಯಿಂದ ಹಬೆ ಏಳುತ್ತಿತ್ತು. ಒಳಗೆ ಹೋಗಿ ಪೇಪರ್ ಲೋಟದಲ್ಲಿ ತಂದಿಟ್ಟರು. ಯಶೋಧರಾ ಅದನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು. ನನಗೆ ತಲೆ ಎತ್ತಲಾಗಲಿಲ್ಲ. ಕಂಬದ ಬಳಿ ನಿಂತ ವರದ ಅಂಗೈ ಉಜ್ಜಿಕೊಳ್ಳತೊಡಗಿದ.

"ಸರ್, ಈಗ ನಾನು ಏಳ್ತೀನಿ," ಎಂದಳು ಯಶೋಧರಾ ಅವನಿಗೆ. "ನೀವು ಬಂದು ಕೂತ್ಕೊಳ್ಳಿ. ನಿಧಾನ."

ಅಷ್ಟರಲ್ಲಿ ಶ್ರೀರಂಗಮ್ಮ ಬಚ್ಚಲಿನಿಂದ ಬಕೆಟ್ಟು ಹೊತ್ತು ತಂದಿದ್ದರು. ನೀರು ಅವರ ಸೀರೆಯ ಮೇಲೆ ತುಳುಕುತ್ತಿತ್ತು.

"ಆಚೆ ಸರಿಯಮ್ಮ. ತೊಳೀಬೇಕು."

"ತೊಳೀಬಾರ್ದು ಅನ್ನೋದೇ ಇವತ್ತಿನ ಪಾಠ ಅಮ್ಮ."

"ನಮ್ಮ ಮನೇಲಿ ನಮಗೇ ಪಾಠಾನಾ? ಎಲ್ಲಾ ಬಿಟ್ಟು ನಮ್ಮನೆ ಮಡೀನೇ ಕೆಡಿಸ್ಬೇಕು ಅಂತ ಯಾಕೆ ಬಂದೆ ಅಂತ ನಂಗೊತ್ತು. ನಿಮ್ಮೋರ ಸೇಡು. ಅದನ್ನ ಈ ಬಡಪಾಯಿ ಮೇಲೆ ತೀರಿಸ್ಕೊಳ್ತಾ ಇದೀಯ."

"ಶ್ರೀರಂಗಕ್ಕ!" ಎಂದೆ.

"ನೀನು ಸುಮ್ನಿರು. ಮನೆಹಾಳಿ."

ಯಶೋಧರಾ ಎದ್ದು ನಿಂತಳು. ದನಿ ಏರಲಿಲ್ಲ, ಆದರೆ ಒಂದೊಂದು ಮಾತೂ ಕಲ್ಲಿನ ಹಾಗಿತ್ತು. "ಸೇಡು ತೀರಿಸ್ಕೊಳ್ಳೋದಿದ್ರೆ ಬಸ್ಸು ಹತ್ತಿ ಇಲ್ಲಿಗೆ ಬರ್ತಿರ್ಲಿಲ್ಲ. ನಿಮ್ಮ ಮಗನ್ನ ನಿಮ್ಮ ಕೈಲೇ ಬಿಡ್ತಿದ್ದೆ. ಆ ಕೈ ನೋಡಿ. ಇನ್ನೂ ತೊಳೀಲಿ ಅಂತೀರಾ? ತೊಳೆಸಿ. ಮೂಳೆ ಕಾಣೋವರೆಗೂ ತೊಳೆಸಿ."

ಶ್ರೀರಂಗಮ್ಮ ಬಕೆಟ್ಟು ಎತ್ತಿದರು. ವರದ ಆಗಲೇ ಒಳಗೆ, ಬಚ್ಚಲಿನ ಕಡೆಗೆ ಹೆಜ್ಜೆ ಹಾಕಿದ್ದ. ಯಶೋಧರಾ ಅಡ್ಡ ಹೋಗಲಿಲ್ಲ.

"ಹೋಗ್ಬೇಡಿ ಅಂತ ನಾನು ಹೇಳಲ್ಲ ಸರ್," ಎಂದಳು. "ಹೋದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಇವತ್ತು, ನಾಳೆ, ಧನುರ್ಮಾಸದಲ್ಲೂ ಅದೇ. ನಿಂತ್ರೆ ಏನಾಗುತ್ತೆ ಅಂತ ಮಾತ್ರ ನಾವಿನ್ನೂ ನೋಡಿಲ್ಲ."

ಅವನು ನಿಂತ. ಹೊಸಿಲಿನ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ.

"ಅಮ್ಮ, ನೀರು ಹಾಕ್ಬೇಡ."

"ಏನಂದೆ?"

"ಹಾಕ್ಬೇಡಮ್ಮ. ನೀನು ಒಂದ್ಸಲ ತೊಳೆದ್ರೆ ನಾನು ಹತ್ತು ಸಲ ತೊಳೀಬೇಕು. ನಂಗೆ ಹೊಲಸಿನ ಭಯ ಅಲ್ಲ. ಇವರ ಜಾತಿ ಭಯಾನೂ ಅಲ್ಲ." ಉಸಿರು ಎಳೆದುಕೊಂಡ. "ಮಡಿ ಎಲ್ಲಾದ್ರೂ ಚೂರು ತಪ್ಪಿದ್ರೆ ನೀನು ಸತ್ತುಹೋಗ್ತೀಯ ಅನ್ಸುತ್ತೆ. ಮಂತ್ರ ತಪ್ಪಿದ್ರೆ ನೀನು. ಎಲೆ ತುಳಿದ್ರೆ ನೀನು. ಮನೆಗೆ ಓಡಿಬಂದು ನೀನು ಉಸಿರಾಡ್ತಿದೀಯಾ ಅಂತ ನೋಡ್ತೀನಿ. ಅಪ್ಪ ಹೋದಾಗಿಂದ ಹೀಗೇ."

ಇಷ್ಟು ವಾರ ಅವನ ಜೊತೆ ಹೋಗಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದ ನನಗೂ ಇದು ಗೊತ್ತಿರಲಿಲ್ಲ. ಯಶೋಧರಾಗೆ ಗೊತ್ತಿತ್ತು. ಅಷ್ಟೆಲ್ಲ ಬಯ್ಯಿಸಿಕೊಂಡರೂ, ಅವನ ಬಾಯಿಂದಲೇ ಬರಲಿ ಎಂದು ಹೇಳದೆ ಇಟ್ಟುಕೊಂಡಿದ್ದಳು.

ಶ್ರೀರಂಗಮ್ಮ ಬಕೆಟ್ಟು ಹಿಡಿದೇ ಅವಳ ಕಡೆ ತಿರುಗಿದರು. "ತೊಳೀದೆ ಇದ್ರೆ ನಾನು ಸಾಯಲ್ಲ ಅಂತ ಅವನಿಗೆ ಹೇಳು ಮತ್ತೆ. ಓದಿದೋಳಲ್ವಾ? ಆಣೆ ಮಾಡಿ ಹೇಳು!"

"ಹೇಳಲ್ಲ."

"ಯಾಕೆ?"

"ಅಂಥ ಮಾತು ಯಾರೂ ಕೊಡೋಕಾಗಲ್ಲ. ನಾನು ಧೈರ್ಯ ಹೇಳಿದ್ರೆ, ನಾಳೆ ಮತ್ತೆ ಬಂದು ಕೇಳ್ತಾರೆ. ನಾಡಿದ್ದೂ ಕೇಳ್ತಾರೆ. ಅದೂ ಕೈ ತೊಳೆದ ಹಾಗೇನೇ. ನೀವು ಇದ್ರೂ ಹೋದ್ರೂ ಅದು ಈ ಜಗಲಿಯಿಂದಲ್ಲ ಅನ್ನೋದನ್ನ ಅವರೇ ಕೂತು ನೋಡ್ಬೇಕು."

"ಥೂ, ಎಂಥ ನಾಲಿಗೆ ನಿಂದು!"

ಬಕೆಟ್ಟನ್ನು ದಡಕ್ಕೆಂದು ನೆಲಕ್ಕೆ ಇಟ್ಟರು. ಒಮ್ಮೆ ಮಗನ ಕೈ ನೋಡಿದರು. ನಂತರ, ಮಡಿ ಸೀರೆಯ ನೆರಿಗೆಯನ್ನು ಒಟ್ಟುಮಾಡಿಕೊಂಡು, ಯಶೋಧರಾ ಎದ್ದ ಜಾಗದಲ್ಲಿ, ಅದೇ ಕಲ್ಲಿನ ಮೇಲೆ, ಗಟ್ಟಿಯಾಗಿ ಕೂತರು.

"ಕೂತೆ ನೋಡು. ಸಾಯ್ತೀನಾ ನೋಡೇ ಬಿಡೋಣ."

"ನಿನಗೋಸ್ಕರ ಅಲ್ಲ," ಎಂದರು ಯಶೋಧರಾಗೆ, ಮುಖ ನೋಡದೆ.

"ನನಗೋಸ್ಕರ ಆಗ್ಬೇಕಾಗೂ ಇಲ್ಲ," ಎಂದಳು ಅವಳು.

ವರದ ಬಂದು ತಾಯಿಯ ಪಕ್ಕದಲ್ಲಿ ಕೂತ. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಯಶೋಧರಾ ಕಂಬಕ್ಕೆ ಒರಗಿ ನಿಂತು, ಆಗಾಗ, ಭಯ ನೂರಕ್ಕೆ ಎಷ್ಟಿದೆ ಎಂದು ಕೇಳುತ್ತಿದ್ದಳು. ಅವನು ಮೊದಲು ತೊಂಬತ್ತೈದು ಎಂದ. ಬಹಳ ಹೊತ್ತು ಅಲ್ಲೇ ನಿಂತಿತು. ಶ್ರೀರಂಗಮ್ಮ ಮಾತ್ರ ಒಂದೇ ಸಮನೆ ಗೊಣಗುತ್ತಿದ್ದರು: ಹುಡುಗಿಯ ಚೂಡಿದಾರವನ್ನು, ನನ್ನ ಪದವಿಯನ್ನು, ತವರಿಗೆ ಹೋದ ಸೊಸೆಯನ್ನು, ಲಂಡನ್ನನ್ನು. ಬಿಸಿಲು ಎದುರು ಮನೆಯ, ಎಂದರೆ ನಮ್ಮ ಮನೆಯ, ಹೆಂಚಿನ ಮೇಲೆ ಹೋಗುವ ಹೊತ್ತಿಗೆ ವರದ ನಲವತ್ತು ಎಂದ. ಹೇಳಿದ ಮೇಲೆ ತಾನೇ ಬೆರಗಾಗಿ ಅಂಗೈ ನೋಡಿಕೊಂಡ.

ಹಾಸನದ ಬಸ್ಸಿಗೆ ಹೊತ್ತಾಗುತ್ತಿತ್ತು. ಯಶೋಧರಾ ಚೀಲ ಹೆಗಲಿಗೇರಿಸಿದಳು.

"ಮುಂದಿನ ವಾರ ನೀವೇ ಕ್ಲಿನಿಕ್ಕಿಗೆ ಬನ್ನಿ ಸರ್. ಈ ಮನೆಗೆ ನಾನಿನ್ನು ಬರಲ್ಲ."

"ಕರೆದೋರು ಯಾರು?" ಎಂದರು ಶ್ರೀರಂಗಮ್ಮ.

"ನಾನು ಕರೆದಿದ್ದೆ ಅಮ್ಮ," ಎಂದ ವರದ. "ಇನ್ಮೇಲೆ ನಾನೇ ಹೋಗ್ತೀನಿ. ಬಸ್ಸಲ್ಲಿ."

ನಾನು ನಮ್ಮ ಗೇಟಿನವರೆಗೆ ಅವಳ ಜೊತೆ ಹೋದೆ. ಕ್ಷಮಿಸು ಎನ್ನಲು ಹೊರಟರೆ, "ನೀವು ಯಾಕೆ ಮೇಡಂ ಕೇಳ್ತೀರಾ? ಅವರು ಕೇಳಲ್ಲ, ನಾನೂ ಕಾಯಲ್ಲ," ಎಂದು ತಡೆದಳು. ಆಮೇಲೆ ದನಿ ತಗ್ಗಿಸಿ, "ಸರ್ ಬೆರಳಿಗೆ ರಾತ್ರಿ ತೆಂಗಿನೆಣ್ಣೆ ಹಚ್ಚೋಕೆ ಹೇಳಿ. ಒಡೆದಿರೋದು ಉರಿಯುತ್ತೆ," ಎಂದಳು. ತಿರುಗಿ ನೋಡದೆ ಬೀದಿಯ ಕೊನೆಗೆ ನಡೆದಳು.

ನಾನು ವಾಪಸು ಬಂದಾಗ ತಾಯಿ ಮಗ ಕೂತಲ್ಲೇ ಇದ್ದರು. ಕತ್ತಲು ಕವಿಯುತ್ತಿತ್ತು. ವರದ ತಾಯಿಯ ಮುಖ ನೋಡುತ್ತಿದ್ದ, ಬಾಯಿಬಿಟ್ಟು ಏನೋ ಕೇಳಹೊರಟು ತಡೆದುಕೊಂಡ.

"ಏನು ನನ್ನ ಮುಖ ನೋಡ್ತಾ ಕೂತಿದೀಯ?" ಶ್ರೀರಂಗಮ್ಮ ಸಿಡುಕಿದರು. "ದೀಪ ಹಚ್ಚೋ ಹೊತ್ತಾಯ್ತು. ಹೋಗು. ಹಾಗೇ ಹೋಗು. ನಾನು ಇಲ್ಲೇ ಕೂತಿರ್ತೀನಿ."

ಅವನು ಎದ್ದ. ಹೊಸಿಲ ಬಳಿ ಒಂದು ಗಳಿಗೆ ತಡೆದು, ನೇರ ದೇವರಮನೆಗೆ ಹೋದ.

"ಹಂಸ, ನೀನು ಸಾಕ್ಷಿ," ಎಂದರು ಅವರು. "ನಾನೇನಾದ್ರೂ ರಾತ್ರಿ ಸತ್ತರೆ ಆ ಹುಡುಗಿ ಮೇಲೆ ಕಂಪ್ಲೇಂಟ್ ಕೊಡು. ಬಿಡ್ಬೇಡ."

ಒಳಗೆ ಕಡ್ಡಿ ಗೀರಿದ ಸದ್ದಾಯಿತು. ಮುರಿಯಿತೇನೋ, ಇನ್ನೊಂದು ಗೀರಿದ. ಶ್ರೀರಂಗಮ್ಮ ತಿರುಗಿ ನೋಡಲಿಲ್ಲ. ಕಲ್ಲಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಬೀದಿಯನ್ನೇ ದುರುಗುಟ್ಟಿ ನೋಡುತ್ತ, ಹೋದವಳನ್ನು ಬಯ್ಯುತ್ತಲೇ ಇದ್ದರು.