ಆರಾಮ ಅದಾರ

ದೀಪ ಹಚ್ಚುವ ಹೊತ್ತಾಯಿತೆಂದರೆ ರುದ್ರಮುನಿ ಫೋನು ಹಿಡಿದು ಪಡಸಾಲೆಗೆ ಬರುತ್ತಿದ್ದ. ಮಡಗಾಂವದಲ್ಲಿರುವ ಸೋದರತ್ತೆ ಜಯವ್ವ, ಸೊಲ್ಲಾಪುರದ ಅಕ್ಕ ಮಹೇಶ್ವರಿ, ರಾಣೆಬೆನ್ನೂರಿನ ಕಾಕಾನ ಮನೆಯವರು, ಎಲ್ಲರೂ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಅವನ ದನಿಗೆ ಕಾಯುತ್ತಿದ್ದರು. ಅವನೂ ಕಾಯಿಸುವವನಲ್ಲ.

"ಅಪ್ಪ ಇವತ್ತ ಆರಾಮ ಅದಾರ. ಎರಡು ಇಡ್ಲಿ ತಿಂದ್ರು. ಯಾರೂ ಕಾಳಜಿ ಮಾಡಬ್ಯಾಡ್ರಿ."

ಇಡ್ಲಿಯ ಮಾತು ಶುದ್ಧ ಸುಳ್ಳು. ಅಪ್ಪ ಶೇಖಪ್ಪನ ಹೊಟ್ಟೆಗೆ ಹೋಗಿದ್ದು ಎರಡು ಚಮಚ ಗಂಜಿ, ಅದೂ ಸೊಸೆ ಸುರೇಖಾ ಗದರಿಸಿ ಕುಡಿಸಿದ್ದಕ್ಕೆ. ಹೊಟ್ಟೆಯ ಕ್ಯಾನ್ಸರು ಲಿವರಿಗೂ ಹಬ್ಬಿತ್ತು. ಇನ್ನು ನೋವು ಆಗದಂತೆ ನೋಡಿಕೊಳ್ಳುವುದಷ್ಟೇ ಎಂದು ಹೇಳಿ ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಕೊಟ್ಟು ಮನೆಗೆ ಕಳಿಸಿದ್ದರು. ಅದನ್ನು ಬಾಯಿಬಿಟ್ಟು ಹೇಳಿದರೆ ಎಲ್ಲಿ ಖರೇ ಆಗಿಬಿಡುತ್ತದೋ ಎಂಬ ಭಯ ರುದ್ರಮುನಿಗೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಎಂಥೆಂಥವರ ಜೊತೆ ಗಂಟಲು ಹರಿಯುವಂತೆ ಜಗಳಾಡುವ ಗಂಡಸು, ಸ್ವಂತ ಅತ್ತೆಗೆ ನಿಜ ಹೇಳಲು ಅಂಜುತ್ತಿದ್ದ.

ಆ ಸಂಜೆ ಜಯವ್ವನ ಉತ್ತರ ಪಡಸಾಲೆಗೆಲ್ಲ ಕೇಳುವಂತೆ ಬಂತು. "ಅಣ್ಣ ಆರಾಮ ಅದಾನಂದ್ರ ಚಲೋ ಆತು ಬಿಡಪಾ. ಮೊಮ್ಮಗಳ ಪರೀಕ್ಷಾ ಮುಗೀಲಿ, ಉಗಾದಿ ಮುಗಿಸ್ಕೊಂಡ ಬರ್ತೇನಿ."

ಮಂಚದ ಮೇಲೆ ಮಲಗಿದ್ದ ಶೇಖಪ್ಪ ಕಣ್ಣು ತೆರೆದ. "ರುದ್ರಾ, ಉಗಾದಿಗೆ ನಾ ಇರ್ತೇನೇನು?"

ಮಗ ಫೋನು ಕಿಸೆಗೆ ಹಾಕಲು ಹೋದ.

"ತೋಯ್ಸಿದ ಮಾಲು ಮಾರಾಕತ್ತಿಯಲ್ಲೋ."

ತೂಕ ಬರಲೆಂದು ಮೆಣಸಿನಕಾಯಿಗೆ ನೀರು ಚಿಮುಕಿಸಿ ತರುವವರಿದ್ದಾರೆ. ಮೇಲೆ ಮಿಂಚುತ್ತದೆ, ಚೀಲದೊಳಗೆ ಬೂಸಲು ಹಿಡಿಯುತ್ತದೆ. ಶೇಖಪ್ಪ ಅಂಥ ಚೀಲವನ್ನು ತನ್ನ ದಲಾಲಿ ಅಂಗಡಿಯ ಮೆಟ್ಟಿಲು ಹತ್ತಗೊಟ್ಟವನಲ್ಲ.

"ತಂಗಿ ಆಮ್ಯಾಲ ಬಂದು ನನ್ನ ಫೋಟೋದ ಮುಂದ ಅತ್ತರ ನನಗೇನು ಬಂತು? ಕೊಡು ಇಲ್ಲೆ ಫೋನು."

ರುದ್ರಮುನಿ ಬಟನು ಒತ್ತಿ ಹಿಡಿದ. ಮುದುಕ ದಮ್ಮು ತೆಗೆದುಕೊಳ್ಳುತ್ತ ಮಾತಾಡಿದ. "ಜಯಾ, ರುದ್ರ ಹೇಳಿದ್ದು ಸುಳ್ಳು. ಬೈಬ್ಯಾಡ, ಹುಡುಗ ಹೆದರ್ಯಾನ. ನನ್ನ ಜಡ್ಡು ವಾಸಿ ಆಗೂದಲ್ಲ. ಸತ್ತ ಮ್ಯಾಲ ಮನಿಮಂದೀನ ಮಾತಾಡ್ಸಾಕ ಬರೋರೆಲ್ಲ ಈಗ ಬರ್ರಿ, ನಾನೂ ಮಾತಾಡ್ತೇನಿ. ಗಳಗನಾಥದ ಹೊಳ್ಯಾಗ ಮುಳಗಾಕತ್ತಿದ್ದ ನಿನ್ನ ಜಗ್ಗಿದಾಂವ ನಾ. ಅದನ್ನ ನೆನಪಿಟ್ಟ ಬಾ."

ರುದ್ರಮುನಿಗೆ ಅಪ್ಪನ ಮೇಲೆ ಸಿಟ್ಟೇ ಬಂತು. ಇನ್ನು ಒಬ್ಬೊಬ್ಬರೇ ಬಂದು ಅತ್ತು ಕರೆದು, ಅಪ್ಪನಿಗಿದ್ದ ಧೈರ್ಯವನ್ನೂ ಕಸಿಯುತ್ತಾರೆ ಅಂದುಕೊಂಡ.

ಮರುದಿನವೇ ಜಯವ್ವ ಹಾವೇರಿ ಸ್ಟೇಷನ್ನಿನಲ್ಲಿ ಇಳಿದಳು. ರುದ್ರಮುನಿ ಹೋಗಿ ಅವಳನ್ನು ಬ್ಯಾಡಗಿಗೆ ಕರೆತಂದ. ಮನೆಯ ಹೊಸ್ತಿಲು ದಾಟಿದವಳು ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಚದ ಮುಂದೆ ನಿಂತಳು.

"ಮುಳುಗಿದ್ದು ನೀನು. ಜಗ್ಗಿದಾಕಿ ನಾನು. ಅರವತ್ತು ವರ್ಷ ಆದ್ರೂ ಸುಳ್ಳು ಬಿಡವಲ್ಲಿ!"

ಶುರುವಾಯಿತು. ಯಾರ ಜಡೆ ಯಾರು ಹಿಡಿದರು, ಯಾರ ಚಡ್ಡಿ ಹರಿಯಿತು, ಅವ್ವನಿಂದ ಯಾರಿಗೆ ಏಟು ಬಿತ್ತು. ಶೇಖಪ್ಪ ದಣಿದು ನಿದ್ದೆ ಹೋಗುವುದು, ಎಚ್ಚರಾಗಿ ಬಿಟ್ಟಲ್ಲಿಂದಲೇ ಜಗಳ ಮುಂದುವರಿಸುವುದು. ಜಯವ್ವ ಅಣ್ಣನ ಪಾದ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಲೇ ಬೈಯುತ್ತಿದ್ದಳು. ಮಧ್ಯಾಹ್ನ ರಾಣೆಬೆನ್ನೂರಿನವರೂ ಬಂದು, ಇಬ್ಬರ ಪಕ್ಷಕ್ಕೂ ಜನ ಸೇರಿತು. ಅಡುಗೆಮನೆಯಲ್ಲಿ ಸುರೇಖಾ ನಕ್ಕದ್ದು ಕೇಳಿ ರುದ್ರಮುನಿಗೆ ಆಶ್ಚರ್ಯವಾಯಿತು. ಆ ಮನೆಯಲ್ಲಿ ನಗು ಕೇಳಿ ಭಾಳ ದಿನವಾಗಿತ್ತು.

ಸಂಜೆ ಅವನು ಮತ್ತೆ ಫೋನು ಹಿಡಿದ. ಸೊಲ್ಲಾಪುರದ ಅಕ್ಕ ಇನ್ನೂ ಬಸ್ಸಿನಲ್ಲಿದ್ದಳು.

"ಅಕ್ಕಾ, ಅಪ್ಪ ಇವತ್ತ ಎರಡ ಚಮಚಿ ಗಂಜಿ ಕುಡದಾರ. ಡಾಕ್ಟರು ಭಾಳ ದಿನ ಇಲ್ಲಂತ ಹೇಳ್ಯಾರ." ಮಂಚದ ಕಡೆ ನೋಡಿದ. ಹೊಳೆಯ ನೀರು ಎಷ್ಟಿತ್ತೆಂದು ತೋರಿಸಲು ಅಪ್ಪ ಕೈಯನ್ನು ತಂಗಿಯ ಕುತ್ತಿಗೆಯ ಮಟ್ಟಕ್ಕೆ ಹಿಡಿದಿದ್ದ. "ಆದ್ರ ಖರೇ ಹೇಳ್ತೇನಿ ಅಕ್ಕಾ, ಆರಾಮ ಅದಾರ."

ಬಟನಿನಿಂದ ಬೆರಳು ತೆಗೆಯುವ ಮೊದಲು ಹೆದರಿ ಅಪ್ಪನ ಮುಖ ನೋಡಿದ.

ಶೇಖಪ್ಪ ಕೇಳಿಸಿಕೊಂಡಿದ್ದ. "ಹೂಂ," ಅಂದ, "ಈ ಮಾಲು ನಡೀತೈತಿ. ಕಳಸು."