ಮುಳ್ಳು ಮುಂದೆ ಹೋದ ದಿನ

ನಾನೊಂದು ತೂಕದ ಯಂತ್ರ. ಮನುಷ್ಯರು ಮೇಲೆ ಹತ್ತಿ ನಿಂತರೆ ಮುಳ್ಳು ತಿರುಗಿಸಿ ಕಿಲೋ ತೋರಿಸುವ ಚಪ್ಪಟೆ ಯಂತ್ರ. ಕಾರ್ಖಾನೆಯಲ್ಲಿ ನನ್ನ ಹೊಟ್ಟೆಗೆ ಸ್ಪ್ರಿಂಗು ಕೂಡಿಸಿ, ಬೆನ್ನಿಗೆ ಕಪ್ಪು ರಬ್ಬರು ಅಂಟಿಸಿದಾಗ ಯಾವುದೋ ದೊಡ್ಡ ಮನೆಗೆ ಹೋಗುತ್ತೇನೆಂದುಕೊಂಡಿದ್ದೆ. ಸೇರಿದ್ದು ವಿಮಲಾ ಬಡಿಗೇರರ ಚೀಲವನ್ನು. ಹುಬ್ಬಳ್ಳಿಯಲ್ಲಿ ಕ್ಷಯರೋಗಿಗಳ ಮನೆಮನೆಗೆ ಹೋಗಿ ವಿಚಾರಿಸುವ ಆರೋಗ್ಯ ಕಾರ್ಯಕರ್ತೆ ಅವರು.

ಅಂದಿನಿಂದ ನನಗೆ ಭಯ ಅಂಟಿತು. ರೋಗಿ ಹತ್ತಿ ನಿಂತೊಡನೆ ಮನೆಯವರೆಲ್ಲ ಉಸಿರು ಬಿಗಿಹಿಡಿದು ನನ್ನ ಮುಖ ನೋಡುತ್ತಿದ್ದರು. ಮುಳ್ಳು ಹೋದ ತಿಂಗಳಿಗಿಂತ ಹಿಂದೆ ನಿಂತರೆ ಅದು ಕೆಟ್ಟ ಸುದ್ದಿ. ಹೇಳಬೇಕಾದದ್ದು ನಾನೇ.

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಸುಮಿತ್ರಾ ಎಂಬ ರೋಗಿಯಿದ್ದಳು. ಇಪ್ಪತ್ತಾರು ವರ್ಷ. ಗಂಡ, ಅತ್ತೆ ಕಾಶವ್ವ, ನಾಲ್ಕು ವರ್ಷದ ಮಗಳು ಪಲ್ಲವಿ ಎಲ್ಲರಿಗೂ ಒಂದೇ ಕೋಣೆ. ಇದ್ದೊಂದು ಕಿಟಕಿಗೆ ತಗಡು ಬಡಿದಿದ್ದರು. ಮೊದಲ ಸಲ ನಾನು ಮೂವತ್ತೆಂಟು ತೋರಿಸಿದೆ. ಮುಂದಿನ ತಿಂಗಳು ಮೂವತ್ತೇಳು.

"ಹಿಂಗ ಇಳಕೋತ ಹೋದ್ರ ಇಕಿನ್ನ ತವರಿಗೆ ಕಳಸೂದ ಛಲೋ. ಕೂಸಿಗೂ ಹತ್ತಿದ್ರ ಏನ್ ಮಾಡೋದ್ರಿ?" ಎಂದಳು ಕಾಶವ್ವ. ನನ್ನ ಮೇಲಿದ್ದ ಪಾದಗಳು ಅವಸರದಿಂದ ಕೆಳಗಿಳಿದವು.

ಮೂರನೇ ತಿಂಗಳು ಮುಳ್ಳು ಮೂವತ್ತೊಂಬತ್ತಕ್ಕೆ ಹೋಯಿತು. ವಿಮಲಾ ನಕ್ಕರು. ನಾನು ಹೆದರಿದೆ. ಆ ಪಾದಗಳು ಇನ್ನಷ್ಟು ಸೊರಗಿದ್ದವು. ಸೀರೆಯ ಮಡಿಲಲ್ಲಿ ಏನೋ ಭಾರವಾಗಿ ಜಗ್ಗುತ್ತಿತ್ತು. ಕೂಗಿ ಹೇಳಲು ನನಗೆ ಬಾಯಿಲ್ಲ. ವಿಮಲಾ ಈ ತೂಕ ಬರೆದುಕೊಂಡು ಹೊರಟುಬಿಟ್ಟರೆ ಈ ಹುಡುಗಿ ಉಳಿಯುವುದಿಲ್ಲ ಎಂದು ಒಳಗೊಳಗೇ ಚಡಪಡಿಸಿದೆ.

ಅಷ್ಟರಲ್ಲಿ ಮೂಲೆಯಲ್ಲಿ ಪಲ್ಲವಿ ಕೆಮ್ಮಿದಳು. ಒಣ ಕೆಮ್ಮು, ಬಿಟ್ಟೂಬಿಡದೆ.

ಸುಮಿತ್ರಾ ತಟ್ಟನೆ ಮಗಳ ಕಡೆ ತಿರುಗಿದಳು. ಮಡಿಲಿನಿಂದ ಖಾರ ಅರೆಯುವ ಗುಂಡುಕಲ್ಲು ಜಾರಿ ಬಿದ್ದು ನನ್ನ ಗಾಜು ಸೀಳಿತು.

"ಗುಳಗಿ ನುಂಗಿದ್ರ ವಾಂತಿ ಆಗ್ತಿತ್ರಿ ಅಕ್ಕಾರ," ಎಂದು ಅವಳು ನೆಲದ ಮೇಲೆ ಕೂತು ಅತ್ತಳು. "ಬಿಟ್ಟಬಿಟ್ಟೀನ್ರಿ. ಅಕ್ಕಿ ಡಬ್ಬ್ಯಾಗ ಮುಚ್ಚಿಟ್ಟೀನಿ. ತವರಿಗೆ ಕಳಿಸಿದ್ರ ನನ್ನ ಮಗಳನ್ನ ಯಾರ್ ನೋಡ್ತಾರ? ಈಗ ಅದಕ್ಕೂ..."

ವಿಮಲಾ ಬೈಯಲಿಲ್ಲ. "ವಾಂತಿಗೂ ಔಷಧ ಐತೆವಾ. ಹೇಳಬೇಕಿತ್ತು ನೀನು. ಏಳು, ಇಬ್ಬರೂ ಈಗ ನನ್ನ ಜೋಡಿ ದವಾಖಾನಿಗೆ ನಡೀರಿ." ಆಮೇಲೆ ಕಾಶವ್ವನ ಕಡೆ ತಿರುಗಿದರು. "ಮನಿಯಿಂದ ತಗೀಬೇಕಾದ್ದು ಇಕಿನ್ನ ಅಲ್ಲರಿ, ಕಿಟಕಿಗೆ ಬಡಿದ ಆ ತಗಡನ್ನ. ಗಾಳಿ ಆಡ್ಲಿ."

ಕಾಶವ್ವ ಮೊಮ್ಮಗಳನ್ನೇ ನೋಡುತ್ತ ನಿಂತಳು. ಕೊನೆಗೆ ನೆಲದ ಮೇಲಿದ್ದ ಗುಂಡುಕಲ್ಲನ್ನೇ ಎತ್ತಿಕೊಂಡು ಹೋಗಿ ತಗಡಿಗೆ ಬಡಿಯತೊಡಗಿದಳು.

ಮಗುವಿಗೂ ರೋಗ ತಗುಲಿತ್ತು. ತಿಂಗಳುಗಟ್ಟಲೆ ತಾಯಿ ಮಗಳಿಬ್ಬರಿಗೂ ಕಾಶವ್ವನೇ ಎದುರು ಕೂತು ಗುಳಿಗೆ ನುಂಗಿಸಿದಳು. ಪ್ರತಿ ಸಲ ಅವರು ನನ್ನ ಮೇಲೆ ಹತ್ತುವಾಗಲೂ ನನ್ನ ಸ್ಪ್ರಿಂಗು ಹೆದರಿಕೆಯಿಂದ ಬಿಗಿಯುತ್ತಿತ್ತು. ಮುಳ್ಳು ಹಿಂದೆ ಬರಲಿಲ್ಲ. ಇಬ್ಬರೂ ಉಳಿದರು.

ಈಗ ನಾನು ಆಸ್ಪತ್ರೆಯ ಮೇಜಿನ ಕೆಳಗೆ ಬಿದ್ದಿದ್ದೇನೆ. ಪಕ್ಕದಲ್ಲಿ ಹೊಸ ಎಲೆಕ್ಟ್ರಾನಿಕ್ ಯಂತ್ರವಿದೆ. ಅದು ಕಾಲು ಕಿಲೋ ಕೂಡ ತಪ್ಪುವುದಿಲ್ಲವಂತೆ. ಆದರೂ ಯಾವ ಹೆಣ್ಣುಮಗಳಾದರೂ ಅದನ್ನು ಹತ್ತುವ ಮುನ್ನ ಒಂದು ಗಳಿಗೆ ತಡೆದು ನಿಂತರೆ ನನಗೆ ಇಂದಿಗೂ ಭಯ. ತೂಕ ಆಮೇಲೆ ನೋಡಿ, ಮೊದಲು ಆಕೆಯನ್ನು ಕೇಳಿ, ಯಾರಿಗೆ ಹೆದರಿದ್ದೀಯವ್ವಾ ಎಂದು.